ಎಂಟು ವರ್ಷದ ಗಂಟಲು

ಗುಬ್ಬಚ್ಚಿಗೆ ಫೋನ್ ಮಾಡಿದವರೆಲ್ಲ ಮೊದಲು ಕೇಳುವ ಮಾತು ಒಂದೇ. "ಪುಟ್ಟಾ, ಅಮ್ಮ ಇದ್ದಾರಾ? ಅಮ್ಮನ ಕೈಗೆ ಫೋನ್ ಕೊಡು." ಇವಳು "ನಾನೇ ಅಮ್ಮ, ಹೇಳಿ" ಎಂದರೆ ಆಚೆ ಕಡೆಯವರು ನಗುತ್ತಾರೆ. ಬ್ಯಾಂಕಿನವನೊಬ್ಬನಂತೂ "ಮಕ್ಕಳ ಕೈಗೆ ಫೋನ್ ಕೊಡಬಾರದು ಅಂತ ನಿಮ್ಮಪ್ಪನಿಗೆ ಹೇಳು" ಎಂದು ಬೈದು ಇಟ್ಟನಂತೆ. ನಲವತ್ತು ದಾಟಿದ ಹೆಂಗಸು, ಒಳ್ಳೆ ದಪ್ಪಗಿನ ಆಳು, ನಮ್ಮ ಸ್ಟುಡಿಯೋದ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಆದರೆ ಬಾಯಿ ತೆರೆದರೆ ಸಾಕು, ಎರಡು ಜಡೆಯ ಶಾಲೆ ಹುಡುಗಿ. ಅದಕ್ಕೇ ಈ ಹೆಸರು. ಯಾರು ಇಟ್ಟರೋ ಗೊತ್ತಿಲ್ಲ. ನಾನಂತೂ ಅಲ್ಲ, ನಾನು ಬಾಯಿ ತೆರೆದರೆ ಬೈಗುಳ ಬಿಟ್ಟು ಬೇರೇನೂ ಬರುವುದಿಲ್ಲ ಅಂತ ಸ್ಟುಡಿಯೋದಲ್ಲಿ ಎಲ್ಲರೂ ಹೇಳುತ್ತಾರೆ. ನನಗಿಟ್ಟ ಹೆಸರು ಸಿಡಿಮಿಡಿ.

ನನ್ನ ಕೆಲಸ ಸಿನಿಮಾಗಳಿಗೆ ಮಾತು ರೆಕಾರ್ಡ್ ಮಾಡುವುದು. ಗಾಜಿನ ಈಚೆ ನಾನು ಮತ್ತು ನನ್ನ ಯಂತ್ರ, ಗಾಜಿನ ಆಚೆ ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ಮಾತಾಡುವವರು. ಪರದೆಯ ಮೇಲೆ ಮಗುವಿನ ತುಟಿ ಅಲುಗುತ್ತದೆ, ಗುಬ್ಬಚ್ಚಿಯ ಮಾತು ಆ ತುಟಿಗೆ ಸರಿಯಾಗಿ ಕೂರಬೇಕು. ಕೂರುತ್ತದೆ. ಒಂದೇ ಸಲಕ್ಕೆ ಕೂರುತ್ತದೆ. ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ನಿಂತು, ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಮಾತಾಡುತ್ತಾಳೆ. ಅಳುವ ಸೀನ್ ಆದರೆ ಮೂಗು ಸೊರಸೊರ ಎನ್ನಿಸುವುದೂ ಅಚ್ಚುಕಟ್ಟು. ಆಮೇಲೆ ಹೊರಗೆ ಬಂದು, "ಅಣ್ಣ, ಟೀ ಹೇಳಿದ್ದೀಯಾ ಇಲ್ವಾ?" ಎನ್ನುತ್ತಾಳೆ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಬೈಸಿಕೊಳ್ಳದ ಒಂದೇ ಗಂಟಲು ಅವಳದ್ದು. ಹಾಗಾಗಿ ಆ ದಿನ ನನಗೆ ತಲೆ ಕೆಟ್ಟಿತು.

ಬಂದಿದ್ದು ಒಂದು ಅಪರಾಧದ ಸಿನಿಮಾ. ನಿರ್ದೇಶಕ ಎಳೆಯ ಹುಡುಗ, ಮನೆಯೊಳಗೂ ಟೋಪಿ ತೆಗೆಯದ ಜಾತಿ. ಕಥೆ ಏನೆಂದರೆ, ಒಂದು ಮನೆಗೆ ಬೆಂಕಿ ಬಿದ್ದು ಒಬ್ಬರು ಸಾಯುತ್ತಾರೆ. ಬೆಂಕಿ ಇಟ್ಟಿದ್ದು ಮನೆಯವರೇ. ಆದರೆ ಆ ಮನೆಯ ಪುಟ್ಟ ಹುಡುಗಿಯೊಬ್ಬಳು, ಅವರು ಹೆದರಿಸಿ ಹೇಳಿಕೊಟ್ಟಂತೆ, ಕೋರ್ಟಿನಲ್ಲಿ ಪಕ್ಕದ ಮನೆಯ ದರ್ಜಿಯನ್ನು ಬೆರಳು ಮಾಡಿ ತೋರಿಸುತ್ತಾಳೆ. ಅವನು ಜೈಲಿಗೆ ಹೋಗುತ್ತಾನೆ. ಹುಡುಗಿ ದೊಡ್ಡವಳಾಗುತ್ತಾಳೆ, ಆ ಪಾಪ ಅವಳ ಬೆನ್ನು ಬಿಡುವುದಿಲ್ಲ. ಉಳಿದ ಸಿನಿಮಾ ಪೂರ್ತಿ ಅದರ ಫಲ. ಗುಬ್ಬಚ್ಚಿ ಹೇಳಬೇಕಾದ ಮುಖ್ಯ ಮಾತು ಕೋರ್ಟಿನದ್ದು: "ಇವರೇ. ನಾನೇ ನೋಡಿದೆ." ಅಷ್ಟೇ. ಮಗು ಕೂಡ ಹೇಳುವಂಥ ಮಾತು.

ಮೊದಲ ಸಲ ಉಸಿರು ಮಾತ್ರ ಬಂತು. ಎರಡನೇ ಸಲ ತುಟಿ ಮುಗಿದ ಮೇಲೆ ಮಾತು ಬಂತು. ಆಮೇಲೆ ಮಾತು ಬಂತು, ಮಗು ಬರಲಿಲ್ಲ. ಆಮೇಲೆ ಕೆಮ್ಮು. ನೀರು ಕುಡಿದು ಬಂದಳು. ಮತ್ತೆ ಕೆಮ್ಮು. ನಮ್ಮ ಯಂತ್ರದಲ್ಲಿ ಒಂದು ಗುಂಡಿ ಇದೆ, ಅದನ್ನು ಒತ್ತಿ ಹಿಡಿದರೆ ಮಾತ್ರ ಈಚೆಯ ನಮ್ಮ ಮಾತು ಆಚೆಯವರ ಹೆಡ್‌ಫೋನಿಗೆ ಕೇಳುತ್ತದೆ. ಟಾಕ್‌ಬ್ಯಾಕ್ ಅನ್ನುತ್ತೇವೆ. ಅವರ ಮೈಕ್ ಮಾತ್ರ ನಮಗೆ ಯಾವಾಗಲೂ ಕೇಳುತ್ತಲೇ ಇರುತ್ತದೆ. ನಾನು ಗುಂಡಿ ಒತ್ತಿದೆ.

"ಏನಮ್ಮಾ ತಾಯಿ, ಎರಡು ಮಾತು. ಎರಡೇ ಎರಡು. ಗಂಟಲಲ್ಲಿ ಮುಳ್ಳು ಸಿಕ್ಕೊಂಡಿದ್ಯಾ?"

"ಇನ್ನೊಂದ್ಸಲ ಹಾಕಣ್ಣ."

ಇನ್ನೊಂದು ಸಲ ಹಾಕಿದೆ. ಇನ್ನೊಂದಷ್ಟು ಸಲ ಹಾಕಿದೆ. ಪರದೆಯ ಮೇಲಿನ ಆ ಹುಡುಗಿ ಬೆರಳು ಎತ್ತಿ ಎತ್ತಿ ಅವಳ ಕೈಯೇ ಬಿದ್ದು ಹೋಗಬೇಕಿತ್ತು. ಟೋಪಿ ನಿರ್ದೇಶಕ ನನ್ನ ಕಿವಿಯ ಹತ್ತಿರ ಬಂದು, "ಸಾರ್, ಬೇರೆ ಯಾರಾದ್ರೂ ಇದ್ದಾರಾ? ನಾಳೆ ಸಂಜೆಗೆ ನಾನು ಇದನ್ನ ಕೊಡ್ಲೇಬೇಕು" ಎಂದ. ಅವನ ಮೇಲೂ ಉರಿಯಿತು, ಅವಳ ಮೇಲೂ ಉರಿಯಿತು. ಊಟಕ್ಕೆ ಬಿಡಿ ಎಂದು ಕಿರುಚಿ ಹೆಡ್‌ಫೋನ್ ಬಿಸಾಡಿದೆ.

ಸ್ಟುಡಿಯೋದ ಹಿಂದೆ ಹಳೆಯ ಪರದೆ, ಮುರಿದ ಕುರ್ಚಿ ತುಂಬಿದ ಒಂದು ಸಣ್ಣ ಕೋಣೆ ಇದೆ. ಅವಳು ಅಲ್ಲಿ ಡಬ್ಬಿ ಬಿಚ್ಚದೆ ಕೂತಿದ್ದಳು. ನಾನು ಬೈಯಲಿಕ್ಕೇ ಹೋಗಿದ್ದೆ.

"ಅಣ್ಣ, ಆ ಮಾತು ನಾನು ಒಂದ್ಸಲ ಹೇಳಿಬಿಟ್ಟಿದ್ದೀನಿ" ಎಂದಳು.

"ಎಲ್ಲಿ ಹೇಳಿದೆ? ಬೆಳಗ್ಗೆಯಿಂದ ಕಾಯ್ತಾ ಇದ್ದೀನಿ!"

"ಇಲ್ಲಿ ಅಲ್ಲ. ಕೋರ್ಟಲ್ಲಿ. ನಂಗೆ ಎಂಟು ವರ್ಷ ಆಗ."

ನಾನು ಮುರಿದ ಕುರ್ಚಿಯೊಂದರ ಮೇಲೆ ಕೂತೆ. ಅವಳು ಹೇಳಿದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಅವಳ ಅಪ್ಪ ಹೊಡೆಯುವ ಮನುಷ್ಯ. ಹೆಂಡತಿಗೆ ಹೊಡೆಯುತ್ತಿದ್ದ, ಅಡ್ಡ ಬಂದರೆ ಮಗಳಿಗೂ. ಅಪ್ಪನ ತಮ್ಮ ಅದೇ ಮನೆಯ ಕೆಳಗಿನ ಕೋಣೆಯಲ್ಲಿ ಇರುತ್ತಿದ್ದ. ಮದುವೆಯಿಲ್ಲ, ಸಂಸಾರವಿಲ್ಲ, ಕುಡಿತ ಇತ್ತು. ಕುಡಿದರೂ ಯಾರಿಗೂ ಕೈ ಎತ್ತುವವನಲ್ಲ, ಹಾಡು ಹೇಳಿ ಮಲಗುವವನು. ಗುಬ್ಬಚ್ಚಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು ಅವನೇ. ಒಂದು ಸಂಜೆ ಅಣ್ಣ ತಮ್ಮ ಇಬ್ಬರಿಗೂ ಮೆಟ್ಟಿಲ ಮೇಲೆ ದೊಡ್ಡ ಜಗಳ. ಅತ್ತಿಗೆಗೆ ಹೊಡೆಯಬೇಡ ಎಂದು ತಮ್ಮ ಅಡ್ಡ ನಿಂತಿದ್ದ, ಕುಡಿದು ನಿಂತಿದ್ದ, ಅಲ್ಲೇ ಮೆಟ್ಟಿಲ ಮೂಲೆಯಲ್ಲಿ ಕುಸಿದು ಬಿದ್ದ. ಅಪ್ಪ ಅವನನ್ನು ದಾಟಿ ಅಮ್ಮನ ಮೇಲೆ ಹೋದ. ಅಮ್ಮ ಎರಡೂ ಕೈಯಿಂದ ತಳ್ಳಿದಳು. ಮೆಟ್ಟಿಲ ಕೆಳಗೆ ಬಿದ್ದ ಅಪ್ಪ ಮತ್ತೆ ಏಳಲಿಲ್ಲ. ಬಾಗಿಲ ಸಂದಿಯಿಂದ ಇವಳು ಎಲ್ಲವನ್ನೂ ನೋಡಿದ್ದಳು.

"ಪೊಲೀಸ್ರು ಬರೋಕೆ ಮುಂಚೆ ಅಮ್ಮ ನನ್ನ ಅಡುಗೆಮನೆಗೆ ಎಳ್ಕೊಂಡು ಹೋದ್ರು. ಚಿಕ್ಕಪ್ಪ ತಳ್ಳಿದ್ರು ಅಂತ ಹೇಳು, ನಾನು ಜೈಲಿಗೆ ಹೋದ್ರೆ ನಿನಗ್ಯಾರೂ ಇಲ್ಲ, ಅವನಿಗಾದ್ರೆ ಹಿಂದೆ ಮುಂದೆ ಯಾರೂ ಇಲ್ಲ ಅಂದ್ರು. ನನ್ನ ಕೆನ್ನೆ ಹಿಡ್ಕೊಂಡು ಹೇಳಿಸಿದ್ರು. ತುಟಿ ಸರಿಯಾಗಿ ಬರೋವರೆಗೂ ಹೇಳಿಸಿದ್ರು ಅಣ್ಣ."

"ಆ ಮನುಷ್ಯ ಏನಂದ?"

"ಅವರಿಗೆ ಏನೂ ನೆನಪಿರ್ಲಿಲ್ಲ. ಕುಡಿದಿದ್ರಲ್ಲ. ನಾನು ಹೇಳಿದ್ಮೇಲೆ ಅದೇ ನಿಜ ಅಂದ್ಕೊಂಡ್ರು. ಇವತ್ತಿಗೂ ಹಾಗೇ ಅಂದ್ಕೊಂಡಿದ್ದಾರೆ. ಸ್ವಂತ ಅಣ್ಣನ್ನ ಕೊಂದೆ ಅಂತ."

ಅವಳು ಕಾಲೇಜಿಗೆ ಹೋಗುವ ಹೊತ್ತಿಗೆ ಚಿಕ್ಕಪ್ಪ ಜೈಲಿಂದ ಹೊರಗೆ ಬಂದರು. ಆಮೇಲೆ ಒಂದು ತೊಟ್ಟೂ ಕುಡಿಯಲಿಲ್ಲವಂತೆ. ಈಗ ಇವಳ ಮನೆಯ ಬೀದಿಯ ಕೊನೆಯಲ್ಲೇ ಒಂದು ಗೂಡಿನಂಥ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಾರೆ. ಬಟ್ಟೆ ಕೊಡಲು ಬಂದರೆ ಹೊಸ್ತಿಲ ಆಚೆಯೇ ನಿಲ್ಲುತ್ತಾರೆ. ಒಳಗೆ ಬನ್ನಿ ಎಂದರೆ "ಬೇಡಮ್ಮಾ, ನಿಮ್ಮಪ್ಪನ ಫೋಟೋ ಇದೆ ಒಳಗೆ" ಎನ್ನುತ್ತಾರೆ. ಅಮ್ಮ ಹೋದ ವರ್ಷ ತೀರಿಕೊಂಡಳು. ಸಾಯುವ ತನಕ ಇವಳು ಬಾಯಿ ಬಿಡದಂತೆ ನೋಡಿಕೊಂಡಳು. ಈಗ ತಡೆಯುವವರು ಯಾರೂ ಇಲ್ಲ.

"ಹಾಗಾದ್ರೆ ಹೋಗಿ ಹೇಳು!" ಎಂದು ನಾನು ಕೂಗಿದೆ. "ಒಬ್ಬ ಮನುಷ್ಯ ಮಾಡದ ಕೊಲೆ ಹೊತ್ಕೊಂಡು ಮುದುಕ ಆಗ್ತಿದ್ದಾನೆ. ಹೇಳೋಕೆ ನಿಂಗೇನು ದಾಡಿ?"

"ಹೋಗ್ತೀನಣ್ಣ! ದಿನಾ ಹೋಗ್ತೀನಿ. ಹೇಳ್ಬೇಕು ಅಂತ ಹೋಗಿ, ಬಾಯಿ ಬರದೆ, ಬಟ್ಟೆ ಕೊಟ್ಟು ಬರ್ತೀನಿ. ಮನೇಲಿ ಕೈ ಒರೆಸೋ ಬಟ್ಟೆಗೂ ಇಸ್ತ್ರಿ ಆಗಿದೆ. ನಮ್ಮ ಯಜಮಾನ್ರು, ಇನ್ನು ನೆಲ ಒರೆಸೋ ಬಟ್ಟೆ ಒಂದು ಬಾಕಿ ಅಂತಾರೆ."

ನಗು ಬಂತು, ನಗಲಿಲ್ಲ. ಅಯ್ಯೋ, ಎಂಥ ಹೆಂಗಸಪ್ಪಾ ಇದು! ಪರದೆಯ ಮೇಲಿನ ಪರರ ಮಕ್ಕಳ ದುಃಖಕ್ಕೆಲ್ಲ ಗಂಟಲು ಕೊಡುತ್ತಾಳೆ, ತನ್ನ ಒಂದು ಮಾತಿಗೆ ಗಂಟಲಿಲ್ಲ. ನನಗೆ ಇಂಥದ್ದು ಸಹಿಸಲಾಗುವುದಿಲ್ಲ. ತಂತಿ ಕಿತ್ತುಹೋಗಿದ್ದರೆ ಬೆಸುಗೆ ಹಾಕು, ಅಷ್ಟೇ ನನಗೆ ಗೊತ್ತಿರುವ ಶಾಸ್ತ್ರ.

ಅವಳು ಇನ್ನೊಂದು ಉಪಾಯ ತೆಗೆದಳು. "ಅಣ್ಣ, ನಾಳೆ ಅವರನ್ನ ಇಲ್ಲಿಗೆ ಕರ್ಕೊಂಡು ಬರ್ಲಾ? ಈ ಸೀನ್ ತೋರಿಸ್ತೀನಿ. ಹೇಳಿಕೊಟ್ಟ ಮಗು, ಸುಳ್ಳು ಸಾಕ್ಷಿ, ಎಲ್ಲಾ ಇದೆ ಇದ್ರಲ್ಲಿ. ನೋಡಿದ್ರೆ ಅವರಿಗೇ ಹೊಳೆಯುತ್ತೆ. ಆಮೇಲೆ ನಾನು ಹೂಂ ಅಂದ್ರೆ ಸಾಕು."

"ಹುಚ್ಚು ಹಿಡಿದಿದ್ಯಾ ನಿಂಗೆ? ಸಿನಿಮಾ ಬಂದು ನಿನ್ನ ಮಾತು ಹೇಳುತ್ತಾ?"

"ಕೇಳಿದ್ಮೇಲೆ ಒಂದ್ಸಲ ಬಾಯಿಗೆ ಬಂದಂಗೆ ನನ್ನ ಬೈದ್ರೆ ಸಾಕಣ್ಣ. ಅವರು ಕೊಲೆಗಾರ ಅಲ್ಲ ಅಂತ ಅವರಿಗೆ ಗೊತ್ತಾಗ್ಬೇಕು. ಬೇರೇನೂ ಬೇಡ ನಂಗೆ."

ಅದೊಂದು ತಲೆಹರಟೆ ಉಪಾಯ ಎಂದು ಗೊತ್ತಿದ್ದೂ ಆಗಲಿ ಎಂದೆ. ನಮ್ಮ ಕಸುಬಿನವರಿಗೇ ಬರುವ ಕಾಯಿಲೆ ಇದು. ಸ್ವಂತ ಮಾತು ಆಡಬೇಕಾದ ಕಡೆ ಯಾರೋ ಬರೆದದ್ದನ್ನು ಮುಂದೆ ಮಾಡುತ್ತೇವೆ.

ಮರುದಿನ ಚಿಕ್ಕಪ್ಪ ಬಂದರು. ಸಣಕಲು ದೇಹ, ಗರಿಗರಿ ಇಸ್ತ್ರಿಯ ಅಂಗಿ, ಬಲಗೈ ಬೆರಳುಗಳ ಮೇಲೆ ಹಳೆಯ ಸುಟ್ಟ ಕಲೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟರು, ಬೇಡವೆಂದರೂ ಕೇಳಲಿಲ್ಲ. ನನ್ನ ಹಿಂದಿನ ಸೋಫಾದ ತುದಿಯಲ್ಲಿ, ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ಕೂರುವವರ ಹಾಗೆ ಕೂತರು. "ಮಗಳ ಕೆಲಸ ನಾನು ನೋಡೇ ಇರ್ಲಿಲ್ಲ ಸ್ವಾಮಿ" ಎಂದರು ನನಗೆ. ಹೆಮ್ಮೆ ಮುಖದಲ್ಲೇ ಇತ್ತು. ನಾನು ಯಂತ್ರದ ಕಡೆ ತಿರುಗಿಕೊಂಡೆ.

ಟೋಪಿ ನಿರ್ದೇಶಕ ಕಾಲು ಕುಣಿಸುತ್ತ ಪಕ್ಕದಲ್ಲಿ ಕೂತಿದ್ದ. ನಾನು ಮೊದಲಿಂದ ಸೀನ್ ಓಡಿಸಿದೆ. ಅಡುಗೆಮನೆಯಲ್ಲಿ ಹೆಂಗಸೊಬ್ಬಳು ಮಗುವಿಗೆ ಹೇಳಿಕೊಡುತ್ತಾಳೆ. ಚಿಕ್ಕಪ್ಪ ಸುಮ್ಮನೆ ನೋಡಿದರು. ಆಮೇಲೆ ಕೋರ್ಟು ಬಂತು. ಗಾಜಿನ ಆಚೆ ಗುಬ್ಬಚ್ಚಿ ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ನಿಂತು, ಅಂಗಿಯ ಅಂಚು ಹಿಡಿದಳು. ಹುಡುಗಿ ಬೆರಳು ಎತ್ತಿದಳು.

"ಇವರೇ. ನಾನೇ ನೋಡಿದೆ."

ಎಷ್ಟೊಂದು ಸರಿಯಾಗಿ ಬಂತು! ತುಟಿಗೆ ಕೂತಿತು, ಉಸಿರಿಗೆ ಕೂತಿತು. ಹೆದರಿದ ಮಗು, ಹೇಳಿಕೊಟ್ಟ ಮಾತು, ಎರಡೂ ಅದರಲ್ಲಿತ್ತು. ಹಿಂದಿನ ದಿನ ಇಡೀ ಸತಾಯಿಸಿದ್ದು ಇದೇ ಗಂಟಲಾ ಅನ್ನಿಸಿತು. ಶಹಬ್ಬಾಸ್ ಎನ್ನಲು ನಾನು ಟಾಕ್‌ಬ್ಯಾಕ್ ಗುಂಡಿ ಒತ್ತಿದೆ. ಎನ್ನುವುದಕ್ಕೆ ಮುಂಚೆ ನನ್ನ ಹಿಂದೆ ಸೋಫಾ ಕಿರ್ರೆಂದಿತು.

ಚಿಕ್ಕಪ್ಪ ಎದ್ದು ನಿಂತಿದ್ದರು. ಸ್ಪೀಕರಿನ ಕಡೆ ತಿರುಗಿ ಕೈ ಜೋಡಿಸಿದ್ದರು.

"ಮಗು ಸುಳ್ಳು ಹೇಳಲ್ಲ ಸ್ವಾಮಿ" ಎಂದರು. "ಅದು ಹೇಳಿದ್ಮೇಲೆ ನಾನೇ ಮಾಡಿರ್ಬೇಕು. ಅದನ್ನ ಇನ್ನೇನೂ ಕೇಳ್ಬೇಡಿ, ಹೆದರ್ಕೊಂಡಿದೆ."

ನನ್ನ ಬೆರಳು ಗುಂಡಿಯ ಮೇಲೇ ಇತ್ತು. ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಆ ಮಾತು ಪೂರ್ತಿ ಗುಬ್ಬಚ್ಚಿಯ ಹೆಡ್‌ಫೋನಿಗೆ ಹೋಯಿತು. ಅವತ್ತು ಕೋರ್ಟಿನಲ್ಲೂ ಅವರು ಹೀಗೇ ಎದ್ದು ನಿಂತು ಇದೇ ಮಾತು ಹೇಳಿದ್ದರು ಎಂದು ಅವಳು ನನಗೆ ತಿಳಿಸಿದ್ದು ಆಮೇಲೆ. ಆ ಕ್ಷಣ ನಾನು ಕಂಡಿದ್ದು, ಅವಳು ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ಮಾತ್ರ.

"ಚಿಕ್ಕಪ್ಪಾ" ಎಂದಳು.

ಆ ಧ್ವನಿ ನಾನು ಯಾವತ್ತೂ ಕೇಳಿರಲಿಲ್ಲ. ದಪ್ಪಗೆ, ಒರಟಾಗಿ, ನಲವತ್ತು ದಾಟಿದ ಹೆಂಗಸಿನ ಧ್ವನಿ.

"ಚಿಕ್ಕಪ್ಪಾ, ನಾನು ಸುಳ್ಳು ಹೇಳಿದ್ದು. ನೀವು ತಳ್ಳಿಲ್ಲ. ಅಮ್ಮ ತಳ್ಳಿದ್ದು, ಅಮ್ಮ ನಂಗೆ ಹೇಳಿಕೊಟ್ರು. ನೀವು ಮೆಟ್ಟಿಲ ಮೇಲೆ ಬಿದ್ದಿದ್ರಿ, ನೀವು ಅಪ್ಪನ್ನ ಮುಟ್ಟೇ ಇಲ್ಲ."

ಟೋಪಿ ನಿರ್ದೇಶಕ ಕುಣಿಸುತ್ತಿದ್ದ ಕಾಲು ನಿಲ್ಲಿಸಿದ. "ಸಾರ್, ರೋಲಿಂಗ್ ತಾನೆ? ರೆಕಾರ್ಡಿಂಗ್ ನಿಲ್ಲಿಸ್ಬೇಡಿ" ಎಂದ, ಪಿಸುಮಾತಲ್ಲಿ. "ಆ ತಾತ ಹೇಳಿದ್ರಲ್ಲ, ಮಗು ಸುಳ್ಳು ಹೇಳಲ್ಲ ಅಂತ, ಅದನ್ನ ನನ್ನ ದರ್ಜಿ ಕೈಲಿ ಹೇಳಿಸ್ತೀನಿ."

ಅವನ ಟೋಪಿ ಹಿಡಿದು ಎಳೆದೆ. ಕೈಗೆ ಬಂತು. ಅದನ್ನು ಬಾಗಿಲ ಹೊರಗೆ ಎಸೆದು, ಹೋಗಿ ತಗೋ ಎಂದೆ. ಅವನು ಹೋದ ಮೇಲೆ ಅಷ್ಟೂ ಅಳಿಸಿದೆ, ಆ ಚೆಂದದ ಮಾತೂ ಸೇರಿ. ನಿರ್ದೇಶಕ ಮಾಲೀಕರ ತನಕ ಹೋಗಿ ದೂರು ಕೊಟ್ಟ. ಕೊಡಲಿ. ಆ ಸಿನಿಮಾಕ್ಕೆ ಕೊನೆಗೆ ಬೇರೆ ಯಾರೋ ಮಾತು ಕೊಟ್ಟರು.

ಗುಬ್ಬಚ್ಚಿ ಬರಿಗಾಲಲ್ಲೇ ಓಡಿ ಬಂದಳು. ಚಿಕ್ಕಪ್ಪ ಇನ್ನೂ ನಿಂತೇ ಇದ್ದರು. ಅವಳು ಅವರ ಕೈ ಹಿಡಿದಳು, ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು, ಅಳುತ್ತಾ ಹೇಳಿದಳು. ಬಾಗಿಲ ಸಂದಿ, ಅಡುಗೆಮನೆ, ಕೆನ್ನೆ ಹಿಡಿದದ್ದು. ಅವರು ತಲೆ ಅಲ್ಲಾಡಿಸುತ್ತ ಕೇಳಿದರು. ಕೇಳಿ, ಅವಳ ತಲೆ ಸವರಿದರು.

"ನನ್ನ ಸಮಾಧಾನಕ್ಕೆ ಸತ್ತ ತಾಯಿ ಮೇಲೆ ಇಂಥ ಮಾತು ಆಡ್ಬಾರ್ದು ಮಗಳೇ."

"ಸಮಾಧಾನಕ್ಕಲ್ಲ! ನಿಜ!"

"ಆಯ್ತು ಆಯ್ತು. ನೀನು ಮಾತಲ್ಲೇ ಅನ್ನ ಸಂಪಾದಿಸೋಳು, ಯಾವ ಮಾತನ್ನಾದ್ರೂ ನಂಬೋ ಹಾಗೆ ಹೇಳ್ತೀಯ. ಆಗ ಇನ್ನೂ ಈ ಕೆಲಸ ಇರ್ಲಿಲ್ಲ ನಿಂಗೆ. ಆಗ ಹೇಳಿದ್ದೇ ನಿಜ." ಆಮೇಲೆ ನನ್ನ ಕಡೆ ತಿರುಗಿ, "ದಿನಾ ಅಳೋ ಕೆಲಸ ಕೊಡ್ಬೇಡಿ ಸ್ವಾಮಿ ಇವಳಿಗೆ" ಎಂದು ಹೇಳಿ, ಚಪ್ಪಲಿ ಹಾಕಿಕೊಂಡು ಹೊರಟೇ ಹೋದರು.

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಸುಳ್ಳು ಹೇಳಿದರೆ ಕೋರ್ಟಿಗೆ ಕೋರ್ಟೇ ನಂಬಿತು. ನಿಜ ಹೇಳಿದರೆ, ಆ ನಿಜದಿಂದ ಬಿಡುಗಡೆ ಆಗಬೇಕಾದವನೇ ನಂಬುವುದಿಲ್ಲ! ಆಮೇಲೆ ಅವಳು ದಿನವೂ ಅಂಗಡಿಗೆ ಹೋಗಿ ಹೇಳಿದಳು. ಬಟ್ಟೆ ಇಲ್ಲದೆ, ಬರಿಗೈಯಲ್ಲಿ. ಸ್ಟುಡಿಯೋಗೆ ಬಂದರೆ ಮುಖ ಊದಿರುತ್ತಿತ್ತು. ಏನಾಯ್ತು ಎಂದು ನಾನು ಕೇಳುವುದು, "ಆಯ್ತು ಬಿಡು ಅಂತಾರಣ್ಣ" ಎಂದು ಅವಳು ಹೇಳುವುದು. ಮಗು ಹಟ ಮಾಡಿದರೆ ದೊಡ್ಡವರು ಹೇಳುತ್ತಾರಲ್ಲ, ಅದೇ ಆಯ್ತು ಬಿಡು. ಒಂದು ದಿನ ನನಗೆ ತಡೆಯಲಾಗಲಿಲ್ಲ. ನಡಿ, ನಾನೂ ಬರ್ತೀನಿ ಎಂದೆ.

ಮಧ್ಯಾಹ್ನ. ಅಂಗಡಿಯಲ್ಲಿ ಬಿಸಿ ಬಟ್ಟೆಯ ವಾಸನೆ. ಚಿಕ್ಕಪ್ಪ ಯಾರದೋ ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಿದ್ದರು. ನಾನು ಪೀಠಿಕೆ ಹಾಕಲಿಲ್ಲ.

"ನೋಡಿ ಇವ್ರೇ, ಇಪ್ಪತ್ತೈದು ವರ್ಷದಿಂದ ನಾನು ಧ್ವನಿ ಕೇಳೋ ಕೆಲಸ ಮಾಡ್ತಿದ್ದೀನಿ. ನಟನೆ ಯಾವುದು, ನಿಜ ಯಾವುದು ಅಂತ ನನ್ನ ಕಿವಿಗೆ ಗೊತ್ತಾಗುತ್ತೆ. ಅವತ್ತು ಇವಳು ಹೇಳಿದ್ದು ನಟನೆ ಅಲ್ಲ. ನೀವು ಯಾರನ್ನೂ ಕೊಂದಿಲ್ಲ. ಇಷ್ಟು ಹೇಳಿದ್ರೂ ಅರ್ಥ ಆಗ್ಬಾರ್ದು ಅಂದ್ರೆ ನೀವೆಂಥ ಮನುಷ್ಯರು ಕಣ್ರೀ?"

ಅವರು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟರು. ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದರು.

"ಅರ್ಥ ಆಗಿದೆ" ಎಂದರು. "ಅವತ್ತು ಸ್ಟುಡಿಯೋದಲ್ಲೇ ಅರ್ಥ ಆಯ್ತು. ನಿಮ್ಮಮ್ಮ ಸಾಯೋ ಮುಂಚೆ ಒಂದ್ಸಲ ಬಂದು, ಈ ಬಾಗಿಲಲ್ಲಿ ನಿಂತು, ಮಾತಾಡ್ದೆ ಅತ್ತು ಹೋದ್ಲು. ಯಾಕೆ ಅಂತ ಆಗ ತಿಳೀಲಿಲ್ಲ, ನೀನು ಹೇಳಿದ್ಮೇಲೆ ತಿಳೀತು."

"ಮತ್ಯಾಕೆ ಚಿಕ್ಕಪ್ಪ..." ಗುಬ್ಬಚ್ಚಿ ಒಂದು ಹೆಜ್ಜೆ ಮುಂದೆ ಬಂದಳು. "ಮತ್ಯಾಕೆ ನಂಬಲ್ಲ ಅಂತೀರಾ? ಒಂದ್ಸಲ ಬೈದ್ಬಿಡಿ ನನ್ನ. ಹೊಡೀರಿ ಬೇಕಾದ್ರೆ."

"ನಂಬಿದ್ರೆ ನಾಳೆಯಿಂದ ಯಾರ ಮೇಲೆ ಸಿಟ್ಟು ಮಾಡ್ಲಮ್ಮಾ? ಅವಳು ಸತ್ತೋದ್ಲು. ಇನ್ನುಳಿದಿರೋಳು ನೀನು ಒಬ್ಬಳೇ." ಅವರ ಧ್ವನಿ ಏರಲಿಲ್ಲ. "ಇಷ್ಟು ವರ್ಷ ನನ್ನ ಮೇಲೇ ಸಿಟ್ಟು ಮಾಡ್ಕೊಂಡು ಬದುಕಿದ್ದೀನಿ. ಅದು ಅಭ್ಯಾಸ ಆಗಿದೆ, ತಡ್ಕೊಳೋಕೆ ಬರುತ್ತೆ. ನಿನ್ನ ಮೇಲೆ ಮಾಡೋಕೆ ಶುರು ಮಾಡಿದ್ರೆ ನಂಗೆ ಈ ಬೀದೀಲಿ ಬಟ್ಟೆ ತರೋಕೆ ಯಾರಿದ್ದಾರೆ?"

ಅವಳು ಅಲ್ಲೇ, ಮಡಿಸಿಟ್ಟ ಬಟ್ಟೆಗಳ ಮೇಲೆ ಮುಖ ಇಟ್ಟು ಅತ್ತಳು. ಯಾವ ಮಗುವಿನ ಅಳುವೂ ಅಲ್ಲ ಅದು. ಚಿಕ್ಕಪ್ಪ ಅವಳ ಕೆಳಗಿನಿಂದ ಬಟ್ಟೆಗಳನ್ನು ಮೆಲ್ಲಗೆ ಎಳೆದುಕೊಂಡರು.

"ಏಳಮ್ಮಾ" ಎಂದರು. "ಒದ್ದೆಯಾದ್ರೆ ಇವನ್ನೆಲ್ಲ ಮತ್ತೆ ಮಾಡ್ಬೇಕು ನಾನು."